ಸಲೂನಿನ ಉಲ್ಟಾ ಬೋರ್ಡು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಅಕ್ಕನ ಮನೆಯಲ್ಲಿದ್ದೆ. ಭಾವನದು ಟಿವಿ ರಿಪೇರಿ ಅಂಗಡಿ. ಅಂಗಡಿಗಳಿಗೆ ದೀಪದ ಬೋರ್ಡು ಮಾಡಿಕೊಡುವ ಹುಚ್ಚು ಅವರಿಗೆ ಹತ್ತಿತ್ತು. ಬೆಸುಗೆ ಹಾಕುವುದು ಅವರು, ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು ನಾನು. ಬೋರ್ಡು ಚಿಕ್ಕದು, ಒಂದು ಸಲಕ್ಕೆ ಒಂದೇ ಅಕ್ಷರ ಮೂಡುತ್ತಿತ್ತು. ಒಂದೊಂದು ದೀಪಕ್ಕೆ ಚಿಪ್ಪಿನೊಳಗೆ ಒಂದೊಂದು ಬಿಟ್: ಅದು ಒಂದಾದರೆ ದೀಪ ಹೊತ್ತಬೇಕು, ಸೊನ್ನೆಯಾದರೆ ಆರಬೇಕು. ಹೊತ್ತಿಸುವುದಕ್ಕೆ, ಆರಿಸುವುದಕ್ಕೆ ಪ್ರೋಗ್ರಾಂ ತುಣುಕುಗಳನ್ನು, ಅಂದರೆ ಪುಟ್ಟ ಪುಟ್ಟ ಫಂಕ್ಷನ್‌ಗಳನ್ನು ಬರೆದಿಟ್ಟುಕೊಂಡಿದ್ದೆ. ಯಾವ ಚಿಪ್ಪಿಗೆ ಹಾಕಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ ಎಂದು ಅಕ್ಕನ ಮುಂದೆ ಜಂಬ ಕೊಚ್ಚಿದ್ದೆ. ಅವಳು ಅಕ್ಕಿ ಆರಿಸುತ್ತಾ "ಹೂಂ" ಅಂದಿದ್ದಳು.

ಹಳೇಬೀಡಿನ ಸಲೂನೊಂದರಿಂದ ಆರ್ಡರ್ ಬಂತು. ಮಾಮೂಲಿ ಚಿಪ್ ಸಿಗಲಿಲ್ಲವೆಂದು ಭಾವ ಬೇರೆ ಯಾವುದೋ ಕಂಪನಿಯದನ್ನು ತಂದರು.

"ಇದಕ್ಕೂ ಆಗುತ್ತೆ ತಾನೇ?"

"ಕಣ್ಣು ಮುಚ್ಚಿಕೊಂಡು ಹಾಕಿ ಭಾವ," ಅಂದೆ. ಅವರು ಹಾಗೇ ಮಾಡಿದರು. ಒಮ್ಮೆಯೂ ಹೊತ್ತಿಸಿ ನೋಡಲಿಲ್ಲ.

ಸಲೂನಿಗೆ ಹೋಗಿ, ಬೀದಿಗೂ ಕಾಣಲಿ ಎಂದು ಬೋರ್ಡನ್ನು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿ ಸ್ವಿಚ್ ಒತ್ತಿದೆವು. 'ಕಟಿಂಗ್' ಎಂದು ಬರಬೇಕಿತ್ತು. 'ಕ' ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಹೇಗೋ ಬಚಾವಾಯಿತು. 'ಟಿಂ' ಬಂದಾಗ ಎಡ ಬಲಕ್ಕೆ, ಬಲ ಎಡಕ್ಕೆ ಹೋಗಿತ್ತು.

"ಏನ್ರೀ ಮೇಡಂ, ಇದ್ಯಾವ್ ಭಾಷೆ?" ಎಂದರು ಸಲೂನಿನ ಮಾಲೀಕರು, ಕೈಯಲ್ಲಿ ಕತ್ತಿ ಹಿಡಿದೇ. ಭಾವ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಆಗ ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕೂತಿದ್ದ ಗಿರಾಕಿ ಬಾಯಿ ಬಿಟ್ಟರು. "ಸರಿಯಾಗೇ ಐತಲ್ರೀ! ಕಟಿಂಗ್ ಅಂತ ಓದ್ಬೋದಲ್ಲ!"

ಅವರು ನೋಡುತ್ತಿದ್ದುದು ಎದುರಿನ ಕನ್ನಡಿಯನ್ನು. ಮಾಲೀಕರು ಬಗ್ಗಿ, ಗಿರಾಕಿಯ ಕೆನ್ನೆಗೆ ಕೆನ್ನೆ ಆನಿಸಿ ಕನ್ನಡಿಯೊಳಗೆ ಇಣುಕಿದರು. ಮೇಲೆದ್ದಾಗ ಅವರ ಕೆನ್ನೆಗೂ ನೊರೆ.

ತಪ್ಪು ನನಗೆ ಅಲ್ಲೇ ಹೊಳೆಯಿತು. ಬಿಟ್‌ಗಳನ್ನು ಸಾಲಿನ ಯಾವ ತುದಿಯಿಂದ ಎಣಿಸಬೇಕೆಂದು ನಾನು ಬರೆದೇ ಇರಲಿಲ್ಲ. ಬರೆದದ್ದನ್ನು ಚಿಪ್ಪಿಗೆ ತಿಳಿಯುವಂತೆ ತಿರುಗಿಸುವ ಕಂಪೈಲರ್, ಹಳೆಯ ಚಿಪ್ಪಿನದು ಬಲದಿಂದ ಎಣಿಸುತ್ತಿತ್ತು, ಹೊಸದರದು ಎಡದಿಂದ. ಸರಿಮಾಡಿ ತರುತ್ತೇನೆಂದರೆ ಮಾಲೀಕರು ಬಿಡಲೇ ಇಲ್ಲ. "ಬ್ಯಾಡ ಬಿಡಿ. ನನ್ ಗಿರಾಕಿ ಕೂರೋದು ಕುರ್ಚಿ ಮ್ಯಾಲೆ, ರಸ್ತೆ ಮ್ಯಾಲಲ್ಲ."

ಕೆಲವೇ ದಿನಗಳಲ್ಲಿ ಅವರದೇ ಫೋನು ಬಂತು. ದೇವಸ್ಥಾನ ನೋಡಲು ಬಂದವರು ಬೋರ್ಡನ್ನೂ ನೋಡಿ, ಹೊಯ್ಸಳರ ಕಾಲದ ಲಿಪಿಯೇ ಎಂದು ಕೇಳುತ್ತಿದ್ದರಂತೆ. "ಗೈಡು ಬೇರೆ ಹೌದು ಅಂದ್ಬಿಟ್ಟವ್ನೆ. ಚಪ್ಪಲಿ ಹೊರಗ್ ಬಿಟ್ಟು ಒಳಕ್ ಬತ್ತಾರೆ ಕಣ್ರೀ ಮೇಡಂ!"

ಎಣಿಸುವ ತುದಿಯನ್ನು ಈ ಸಲ ಸ್ಪಷ್ಟವಾಗಿ ಬರೆದೆ. ಬಿಟ್‌ಗಳನ್ನು ಬೇಕೆಂದಾಗ ಹಿಂದುಮುಂದು ಮಾಡುವ ಇನ್ನೊಂದು ಫಂಕ್ಷನ್ ಸೇರಿಸಿದೆ. ಬೋರ್ಡು ಒಮ್ಮೆ ಬೀದಿಗೆ ನೆಟ್ಟಗೆ, ಒಮ್ಮೆ ಕನ್ನಡಿಗೆ ಉಲ್ಟಾ. ಹೊಸ ತೊಂದರೆ ಏನೆಂದರೆ, ನೆಟ್ಟಗಿನ ಸರದಿ ಬಂದಾಗ ಗಿರಾಕಿಗಳು ಓದಲು ಹಿಂದಕ್ಕೆ ತಿರುಗುತ್ತಿದ್ದರು, ಕತ್ತಿಗೆ ಅಡ್ಡವಾಗಿ. ಮಾಲೀಕರು ಬೆವತುಹೋಗಿ, ಕನ್ನಡಿಯಲ್ಲಿ ಮಾತ್ರ ನೆಟ್ಟಗೆ ಕಾಣುವಂತೆ 'ತಲೆ ಅಲ್ಲಾಡಿಸಬೇಡಿ' ಎಂದೂ ಹಾಕಿಸಿಕೊಂಡರು, ವಯಸ್ಸಾದವರೂ ಓದಲೆಂದು ಒಂದೊಂದು ಅಕ್ಷರವೂ ಒಂದೊಂದು ನಿಮಿಷ ನಿಲ್ಲುವಂತೆ.

ಅದನ್ನು ಹಾಕಿದ ದಿನ ಕುರ್ಚಿಯಲ್ಲಿದ್ದ ಬಸ್ತಿಹಳ್ಳಿಯ ಹಿರಿಯರು ಕಲ್ಲಿನಂತೆ ಕೂತರು. ಶೇವಿಂಗ್ ಮುಗಿಯಿತು, ಟವೆಲ್ ತೆಗೆದಾಯಿತು. ಏಳಲೇ ಇಲ್ಲ.

"ಆಯ್ತು, ಏಳಿ ಯಜಮಾನ್ರೆ," ಎಂದರು ಮಾಲೀಕರು.

"ತಡಿಯೋ, ಇನ್ನೂ 'ಬೇಡಿ' ಬಂದಿಲ್ಲ!"