ಮಾಳಿಗೆಯ ಸೋಲಾರ್ ಉಸ್ತಾದ

ಅಂಗಡಿಯ ಸೋಲಾರ್ ಹೀಟರ್ ಬಿಟ್ಟು ಮಾಳಿಗೆಯ ಮೇಲೆ ತಾನೇ ಒಂದನ್ನು ಕಟ್ಟುವವನು ಪ್ರತಿ ಓಣಿಯಲ್ಲೂ ಒಬ್ಬ ಇರುತ್ತಾನೆ. ವಾಡಿಯ ನಮ್ಮ ಓಣಿಯಲ್ಲಿ ಅವನು ನಾನೇ, ಶಹಾಬುದ್ದೀನ. ಹಳೆಯ ಕಿಟಕಿಯ ಗಾಜು, ಕಪ್ಪು ಬಳಿದ ತಗಡು, ತಾಮ್ರದ ಪೈಪು, ಒಂದು ಡ್ರಮ್ಮು ಇಷ್ಟನ್ನು ಜೋಡಿಸಿ ಮೂರು ವರ್ಷವಾಯಿತು, ರಿಪೇರಿ ಇನ್ನೂ ಮುಗಿದಿಲ್ಲ. ಊರಿನ ಸಿಮೆಂಟ್ ಕಾರ್ಖಾನೆಯಿಂದ ಬಂದು ಗಾಜಿನ ಮೇಲೆ ಕೂರುವ ಧೂಳನ್ನು ದಿನಕ್ಕೆರಡು ಸಲ ಒರೆಸುತ್ತೇನೆ. ನನ್ನ ಚಷ್ಮಾಕ್ಕೂ ಆ ಭಾಗ್ಯವಿಲ್ಲ. ಯಾರೇ ಮನೆಗೆ ಬಂದರೂ ಚಹಾಕ್ಕಿಂತ ಮೊದಲು, "ಮ್ಯಾಲ ಬರ್ರಿ, ನೀರಿಗಿ ಕೈ ಹಚ್ಚಿ ನೋಡ್ರಿ" ಎನ್ನುತ್ತೇನೆ. ಮೇ ತಿಂಗಳಲ್ಲಿ ಕೈ ಸುಟ್ಟುಕೊಂಡ ಗೆಳೆಯ ವಿಠ್ಠಲ, "ಈ ಬಿಸಿಲಾಗ ಇಂಥಾ ನೀರು ನಮ್ಮ ನಳದಾಗೂ ಬರ್ತಾವಲ್ಲೋ" ಎಂದ. ನಾನು ಇದನ್ನು ಕಟ್ಟಿದ್ದು ಅಮ್ಮಿ ಬೆಳಗಿನ ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡಲೆಂದು. ಆ ನಮಾಜು ಸೂರ್ಯ ಹುಟ್ಟುವ ಮುಂಚೆಯೇ ಇರುತ್ತದೆ, ಅಷ್ಟರಲ್ಲಿ ಡ್ರಮ್ಮಿನ ನೀರು ಆರಿಹೋಗುತ್ತದೆ ಎಂಬುದು ಈ ಉಸ್ತಾದನಿಗೆ ಹೊಳೆದಿರಲಿಲ್ಲ. ಆದರೂ ಅಮ್ಮಿ ದಿನಾ, "ನೀರು ಭಾಳ ಬೆಚ್ಚಗ ಅವ, ಬೇಟಾ" ಎನ್ನುತ್ತಾಳೆ. ನಾನು ಅದನ್ನು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಕಳೆದ ಡಿಸೆಂಬರಿನ ಒಂದು ಮುಂಜಾನೆ, ವಜೂ ಮುಗಿಸಿ ಬಂದವಳು ಅದೇ ಮಾತು ಹೇಳುತ್ತ ನನ್ನ ಕೆನ್ನೆ ಸವರಿದಳು. ಅವಳ ಬೆರಳುಗಳು ಅಂಗಳದ ಫರ್ಸಿಕಲ್ಲಿನಷ್ಟೇ ತಣ್ಣಗಿದ್ದವು.