ಚೆಲುವರಾಜು ನೆಟ್ಟ ಗಿಡ

ಲಕ್ಷ್ಮೀಪುರಂನ ಶಾಂತಾದೇವಿಯವರಿಗೆ ಒಂದು ಚಾಳಿಯಿತ್ತು. ಬೇರೆಯವರ ಕೆಲಸವನ್ನು ತಮ್ಮ ಕೆಲಸಕ್ಕಿಂತ ಹೆಚ್ಚು ಮುತುವರ್ಜಿಯಿಂದ ಮಾಡುವುದು. ಯಾರಾದರೂ ಕಾಫಿಪುಡಿ ಸಾಲ ಕೇಳಿದರೆ ಹಾಲನ್ನೂ ಸೇರಿಸಿ ಕೊಟ್ಟು ಕಳಿಸುವ ಪೈಕಿ.

ಅದಕ್ಕೇ ಎದುರು ಮನೆಯ ಮಂಗಳಮ್ಮ, ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೊರಟಾಗ, ತಮ್ಮ ಕುಂಡವನ್ನು ಹೊತ್ತು ತಂದು ಇವರ ಜಗಲಿಯ ಮೇಲಿಟ್ಟರು. ಅದರಲ್ಲಿದ್ದದ್ದು ಕಳ್ಳಿ ಜಾತಿಯ ಒಂದು ಗಿಡ, ಸಕ್ಯುಲೆಂಟ್ ಅಂತಾರಂತೆ. ದಪ್ಪ ದಪ್ಪ ಎಲೆಗಳು ತಾವರೆಯ ಹಾಗೆ ಸುತ್ತಿಕೊಂಡಿದ್ದವು. ಮಂಗಳಮ್ಮನ ಗಂಡ ಚೆಲುವರಾಜು ಅದನ್ನು ದಸರಾ ಫಲಪುಷ್ಪ ಪ್ರದರ್ಶನದಿಂದ ತಂದು ನೆಟ್ಟ ವರ್ಷವೇ ಎದೆನೋವು ಬಂದು ತೀರಿಕೊಂಡಿದ್ದರು.

“ಕುಂಡ ಸಾಲ್ದು ಕಣಕ್ಕ, ಬೇರೆಲ್ಲ ತಳದಿಂದ ಆಚೆ ಬಂದ್ಬುಟ್ಟವೆ. ಪುರುಸೊತ್ತಾದಾಗ ದೊಡ್ಡದಕ್ಕೆ ಹಾಕ್ಬುಡಿ. ನೀರು ಮಾತ್ರ ಮಣ್ಣು ಪೂರ್ತಿ ಒಣಗಿದ್ ಮೇಲೇ ಹಾಕಿ,” ಎಂದರು ಮಂಗಳಮ್ಮ.

ಮರುದಿನವೇ ಶಾಂತಾದೇವಿ ಸೆರಗು ಸಿಕ್ಕಿಸಿಕೊಂಡು ಕೂತರು. ದೊಡ್ಡ ಕುಂಡ, ಕೆಮ್ಮಣ್ಣು, ಕೈತುಂಬ ಕೊಟ್ಟಿಗೆ ಗೊಬ್ಬರ. ಮರಳು ಬೆರೆಸಬೇಕೆಂದು ಯಾರೂ ಹೇಳಲಿಲ್ಲ, ಇವರು ಕೇಳಲೂ ಇಲ್ಲ.

ಇನ್ನು ನೀರಿನ ಮಾತು. ಇವರ ಯಜಮಾನರು ಸದಾಶಿವಯ್ಯ ದಿನವೂ ಲಿಂಗಪೂಜೆ ಮಾಡುವವರು. ಅಭಿಷೇಕದ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ಅಲ್ಲಿಯವರೆಗೆ ಅದು ದಾಸವಾಳಕ್ಕೆ ಹೋಗುತ್ತಿತ್ತು. ತೀರಿಕೊಂಡವರು ನೆಟ್ಟ ಗಿಡಕ್ಕೆ ಹಾಕಿದರೆ ಅವರಿಗೂ ಒಂದಿಷ್ಟು ಪುಣ್ಯ ಸಿಕ್ಕೀತು ಎಂದು ಶಾಂತಾದೇವಿ ಅದನ್ನು ದಿನವೂ ಈ ಕುಂಡಕ್ಕೆ ಹಾಕತೊಡಗಿದರು. ಮಂಗಳಮ್ಮನ ಮಾತು ಮರೆತಿತ್ತು ಅಂತಲ್ಲ. ಪೂಜೆಯ ನೀರು ನೀರಿನ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಗಿಡಕ್ಕೆ ಆ ನಂಬಿಕೆ ಇರಲಿಲ್ಲ.

ಎಲೆಗಳು ಮೊದಲು ಉಬ್ಬಿದವು, ಶಾಂತಾದೇವಿ ಹಿಗ್ಗಿದರು. ಆಮೇಲೆ ನೀರುನೀರಾಗಿ, ಮುಟ್ಟಿದರೆ ಉದುರತೊಡಗಿದವು. ಒಂದು ಬೆಳಿಗ್ಗೆ ಮೆಲ್ಲಗೆ ಹಿಡಿದೆತ್ತಿದರೆ ಬುಡವೇ ಕೊಳೆತ ಬಾಳೆಹಣ್ಣಿನ ಹಾಗೆ ಕೈಗೆ ಬಂತು.

“ಎಸ್‌ಟಿಡಿ ಬೂತಿಗೆ ಹೋಗಿ ಹೇಳ್ಬುಡು ಕಣೇ. ಆಕೆ ನಿನ್ನ ತಿಂದ್ಬುಡ್ತಾರಾ?” ಎಂದರು ಸದಾಶಿವಯ್ಯ.

“ಬಾಣಂತಿ ಇರೋ ಮನೆಗೆ ಇಂಥ ಸುದ್ದಿ ಹೆಂಗ್ರೀ ಹೇಳೋದು? ಬಂದ್ಮೇಲೆ ಹೇಳ್ತೀನಿ.”

ಹಾಗೆಂದವರು ನರ್ಸರಿ ನರ್ಸರಿ ಅಲೆದು, ಅದೇ ಬಣ್ಣದ, ಅದೇ ಗಾತ್ರದ ಗಿಡ ತಂದು ಆ ಕುಂಡದಲ್ಲಿ ಕೂರಿಸಿದರು. ಈ ಸಲ ನರ್ಸರಿಯವರನ್ನು ಕೇಳಿ ಮರಳು ಬೆರೆಸಿದರು. ಪೂಜೆಯ ನೀರು ಮತ್ತೆ ದಾಸವಾಳಕ್ಕೆ ಹೋಯಿತು. ಹೊಸ ಗಿಡ ನಳನಳಿಸಿತು. ಅದು ಚೆನ್ನಾದಷ್ಟೂ ಶಾಂತಾದೇವಿಯವರಿಗೆ ಸಂಕಟ ಹೆಚ್ಚಾಯಿತು. ಸತ್ತವರ ಗಿಡವನ್ನು ಕೊಂದದ್ದು ಸಾಲದೆ, ಅವರ ಹೆಸರಿನಲ್ಲಿ ಇನ್ಯಾರನ್ನೋ ತಂದು ಕೂರಿಸಿದೆನಲ್ಲ ಎಂದು ಕೊರಗತೊಡಗಿದರು.

ಮಂಗಳಮ್ಮ ಮಗಳು ಗಗನಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದಿಳಿದ ಸಂಜೆ, ಇವತ್ತು ಹೇಳಲೇಬೇಕೆಂದು ಮನಸ್ಸು ಗಟ್ಟಿ ಮಾಡಿ, ಶಾಂತಾದೇವಿ ಕುಂಡ ಹೊತ್ತು ರಸ್ತೆ ದಾಟಿದರು.

“ಮಂಗಳಾ, ಒಂದು ಮಾತು...”

ಮಂಗಳಮ್ಮ ಕೇಳಿಸಿಕೊಂಡರೆ ತಾನೆ! ಕುಂಡವನ್ನು ಇಸಿದುಕೊಂಡು ಕೆಳಗಿಟ್ಟು, ಎಲೆಗಳನ್ನು ಸವರುತ್ತಾ ಅತ್ತೇಬಿಟ್ಟರು.

“ನನ್ ಕೈಲಿ ಸೊರಗಿ ಕೂತಿತ್ತು ಕಣಕ್ಕ. ನಿಮ್ ಕೈಗುಣ ನೋಡಿ, ಅವ್ರೇ ಎದ್ ಬಂದಂಗದೆ.”

ಶಾಂತಾದೇವಿ ಬಾಯಿ ತೆರೆಯುವಷ್ಟರಲ್ಲಿ ಮಂಗಳಮ್ಮ ಮಗುವನ್ನು ತಂದು ಅವರ ಕೈಗಿಟ್ಟರು. “ಇದಕ್ಕೆ ತಾತನ್ನ ನೋಡೋ ಭಾಗ್ಯ ಇರ್ನಿಲ್ಲ. ತಾತ ನೆಟ್ಟ ಗಿಡಾನಾದ್ರೂ ನೋಡ್ಲಿ. ನೀವೇ ತೋರ್ಸಿ ಅಕ್ಕ, ಉಳಿಸ್ದೋರ ಬಾಯಿಂದ್ಲೇ ಕೇಳ್ಲಿ.”

ಶಾಂತಾದೇವಿ ಮಗುವಿನ ಮುಖ ನೋಡಿದರು, ಮಂಗಳಮ್ಮನ ಒದ್ದೆ ಕಣ್ಣು ನೋಡಿದರು. ತಂದಿದ್ದ ಧೈರ್ಯವೆಲ್ಲ ಸೋರಿಹೋಯಿತು. ಬಗ್ಗಿ, ಮಗುವಿನ ಪುಟ್ಟ ಬೆರಳನ್ನು ನರ್ಸರಿಯ ಗಿಡದ ಎಲೆಗೆ ಮುಟ್ಟಿಸಿ, “ನಿಮ್ಮ ತಾತ ನೆಟ್ಟಿದ್ದು ಕಣಮ್ಮ,” ಎಂದರು.