ಮೂರನೇ ಗಾಳಿಮರದ ಕೆಳಗೆ ಎರಡು ಕುರ್ಚಿ

ಟೊಲಿಡೊ ಊರಿನ ಶಾಲಾ ಬಸ್ಸುಗಳಿಗೆ ಮೂವತ್ತೊಂದು ವರ್ಷ ವೇಳಾಪಟ್ಟಿ ಹಾಕಿ ಎಲ್ಡನ್ ಪ್ರೂಯಿಟ್ ನಿವೃತ್ತನಾದ. ಹೆಂಡತಿ ಮೇವಿಸ್ ಜೊತೆ ಫ್ಲಾರಿಡಾಕ್ಕೆ ಬಂದು ಕಡಲಿಗೆ ಹತ್ತಿರ ಮನೆ ಮಾಡಿದ. ಬಸ್ಸು ಟೊಲಿಡೊದಲ್ಲೇ ಉಳಿಯಿತು. ಪಟ್ಟಿ ಹಾಕುವ ಚಟ ಮಾತ್ರ ಸಾಮಾನಿನ ಜೊತೆ ಲಾರಿ ಹತ್ತಿ ಬಂತು. ಅಲ್ಲಿ ಅದಕ್ಕೆ ಸಿಕ್ಕಿದ್ದು ವಿಹಾರದ ಹಡಗು.

ಹಡಗಿನ ಕಂಪನಿಗೆ ತನ್ನದೇ ಒಂದು ದ್ವೀಪವಿತ್ತು, ಟ್ರಂಪೆಟ್ ಕೀ ಅಂತ. ಹಿಂದೆ ಅದರ ಹೆಸರು ಹಂದಿದ್ವೀಪ. ಕಂಪನಿ ಹಂದಿಗಳನ್ನೂ ಹೆಸರನ್ನೂ ಒಂದೇ ದಿನ ಸಾಗಹಾಕಿ, ಬಿಳಿ ಮರಳು ತರಿಸಿ ಸುರಿದು, ಎರಡು ಸಾವಿರ ನೀಲಿ ಒರಗುಕುರ್ಚಿ ಹಾಕಿಸಿತ್ತು. ಹಡಗಿನಲ್ಲಿ ಮೂರು ಸಾವಿರದ ಆರುನೂರು ಜನ. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸದಲ್ಲಿ ಎಲ್ಡನ್‌ಗೆ ತನ್ನ ನಿವೃತ್ತಿ ಜೀವನದ ಉದ್ದೇಶ ಕಾಣಿಸಿತು.

ಅವನು ಬರೆದ ‘ದ್ವೀಪದ ದಿನದ ಯೋಜನೆ’ ಈಗ ಒಂಬತ್ತನೇ ಆವೃತ್ತಿಯಲ್ಲಿತ್ತು. ಹದಿನಾಲ್ಕು ಪುಟ, ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿದ್ದು. ಯಾವ ಮೆಟ್ಟಿಲಿನಿಂದ ಇಳಿದರೆ ಗೇಟಿಗೆ ಎಷ್ಟು ಹೆಜ್ಜೆ, ಮಾಂಸ ಸುಡುವ ಒಲೆಗಳ ಮುಂದೆ ಸಾಲು ಎಷ್ಟು ಗಂಟೆಗೆ ಬಾಲ ಬಿಡುತ್ತದೆ, ಎಲ್ಲ ಅದರಲ್ಲಿತ್ತು. ಫೋನಿನಲ್ಲಿ ಅವನದೊಂದು ಗುಂಪಿತ್ತು, ಸಾವಿರದ ಒಂಬೈನೂರು ಸದಸ್ಯರು. ಪ್ರತಿ ಪ್ರಯಾಣಕ್ಕೂ ಅವರಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಬರುತ್ತಿದ್ದರು, ಎದುರಿಗೆ ಅವನನ್ನು ‘ಕ್ಯಾಪ್ಟನ್’ ಅನ್ನುತ್ತಿದ್ದರು. ಹಿಂದೆ ಏನನ್ನುತ್ತಿದ್ದರೋ ಯೋಜನೆಯಲ್ಲಿ ನಮೂದಾಗಿಲ್ಲ.

ಯೋಜನೆಯ ಏಳನೇ ನಿಯಮ ಜಗತ್ಪ್ರಸಿದ್ಧ. ಅಂದರೆ ಆ ಸಾವಿರದ ಒಂಬೈನೂರು ಜನರ ಜಗತ್ತಿನಲ್ಲಿ. ‘ಕುರ್ಚಿ ಇರುವುದು ಮನುಷ್ಯರಿಗೆ, ಟವೆಲಿಗಲ್ಲ. ಟವೆಲು ಹಾಸಿ, ಅದು ಹಾರದಂತೆ ಗಿಳಿಯಾಕಾರದ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸಿ ಮಾಯವಾಗುವವರು ಕಳ್ಳರ ಸಮಾನ. ನಲವತ್ತು ನಿಮಿಷ ಖಾಲಿ ಇದ್ದ ಕುರ್ಚಿ ಊರಿನ ಆಸ್ತಿ.’ ದ್ವೀಪದ ಆಡಳಿತದವರೂ ಅದನ್ನೇ ನಿಯಮ ಮಾಡಿ ಬೋರ್ಡು ಹಾಕಿದಾಗ ಎಲ್ಡನ್ ಆ ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದ.

ನಲವತ್ತೇ ಯಾಕೆ, ಮೂವತ್ತು ಯಾಕಲ್ಲ ಅಂದರೆ, ಮೇವಿಸ್. ಎಲ್ಡನ್ ಎಲ್ಲರಿಗಿಂತ ಮೊದಲು ಇಳಿದು ಮೂರನೇ ಗಾಳಿಮರದ ಕೆಳಗೆ ಎರಡು ಕುರ್ಚಿ ಹಿಡಿಯುತ್ತಿದ್ದ. ಮೇವಿಸ್ ಒಂದು ದಿನವೂ ಯೋಜನೆ ಓದಿದವಳಲ್ಲ. ಅವನು ಕುರ್ಚಿ ಹಿಡಿದ ಮೂವತ್ತೆಂಟು ನಿಮಿಷಕ್ಕೆ ಬರುತ್ತಿದ್ದಳು, ಯಾವಾಗಲೂ ಮೂವತ್ತೆಂಟಕ್ಕೆ, ದಾರಿ ತಪ್ಪಿ ಬಂದವಳ ಹಾಗೆ. ಎಲ್ಡನ್ ಎರಡು ನಿಮಿಷ ದಯೆ ಸೇರಿಸಿ ಶಾಸನ ಮಾಡಿದ್ದ.

ಆ ಮೇವಿಸ್ ಮಾರ್ಚ್ ಹನ್ನೊಂದರಂದು ತೀರಿಕೊಂಡಳು.

ಎಲ್ಡನ್ ಮಾಡಬೇಕಾದ್ದನ್ನೆಲ್ಲ ಮಾಡಿದ. ಪಟ್ಟಿ ಬರೆದುಕೊಂಡು ಮಾಡಿದ. ಅವಳ ಫೋನು ನಿಲ್ಲಿಸಿದ, ಬಟ್ಟೆಗಳನ್ನು ಚರ್ಚಿಗೆ ಕೊಟ್ಟ, ನೆರೆಯವರು ತಂದಿಟ್ಟ ತಿಂಡಿಯನ್ನು ತಂದ ಕ್ರಮದಲ್ಲೇ ತಿಂದು ಪಾತ್ರೆ ತೊಳೆದು ವಾಪಸು ಕೊಟ್ಟ. ದುಃಖ ಅಲೆ ಅಲೆಯಾಗಿ ಬರುತ್ತದೆ, ಬಂದಾಗ ತಡೆಯಬೇಡ ಎಂದರು ಪಾದ್ರಿಗಳು. ಎಲ್ಡನ್ ಕಾದ. ಬರಲಿಲ್ಲ. ಬಸ್ಸಾಗಿದ್ದರೆ ಡಿಪೋಗಾದರೂ ಫೋನು ಮಾಡಿ ಕೇಳಬಹುದಿತ್ತು. ಕೈಮೇಲೆ ಮಲಗಿ ಎದ್ದಾಗ ಕೈ ಜೋಮು ಹಿಡಿದಿರುತ್ತದಲ್ಲ, ಅದು ಮೈಗೆಲ್ಲ ಆದರೆ ಹೇಗೋ ಹಾಗಿದ್ದ ಅವನು. ನೋವೇನೂ ಇಲ್ಲ, ತನ್ನದು ಅನ್ನಿಸುತ್ತಲೂ ಇಲ್ಲ.

ಗುಂಪಿಗೆ ಮಾತ್ರ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಏಪ್ರಿಲ್‌ನಲ್ಲಿ ಯಾರೋ ‘ಮೇವಿಸ್ ಹೇಗಿದ್ದಾಳೆ?’ ಅಂತ ಕೇಳಿದಾಗ ಹೆಬ್ಬೆರಳಿನ ಚಿತ್ರ ಒತ್ತಿಬಿಟ್ಟ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಮಯ ಪಟ್ಟಿಯಲ್ಲಿ ಎಲ್ಲೂ ಬರಲಿಲ್ಲ. ಅಕ್ಟೋಬರಿನ ಪ್ರಯಾಣ ಮೊದಲೇ ನಿಗದಿಯಾಗಿತ್ತು. ಯೋಜನೆಯ ಒಂಬತ್ತನೇ ಆವೃತ್ತಿಯಲ್ಲೂ ‘ಎಲ್ಡನ್, ಮೇವಿಸ್: ಎರಡು ಕುರ್ಚಿ’ ಎಂದೇ ಅಚ್ಚಾಯಿತು. ಅಳಿಸಲು ಕೂತ. ಒಂದು ಹೆಸರು ಅಳಿಸಿದರೆ ಇಡೀ ಪುಟದ ಸಾಲು ಮೇಲಕ್ಕೆ ಜರುಗುತ್ತಿತ್ತು. ಬಿಟ್ಟ.

ಹಡಗು ಹತ್ತಿದ ಸಂಜೆಯೇ ರಾಂಡಾ ಬಿಕ್ಸ್‌ಬಿ ಎದುರಾದಳು. ಜಾರ್ಜಿಯಾದವಳು, ದೊಡ್ಡ ದನಿ, ದೊಡ್ಡ ಟೋಪಿ. ಹಿಂದೆ ಅವಳ ಗಂಡ ಡುವೇನ್, ದನಿಯೂ ಇಲ್ಲ ಟೋಪಿಯೂ ಇಲ್ಲ.

“ಏನಯ್ಯಾ ಕ್ಯಾಪ್ಟನ್, ಒಬ್ನೇ ಓಡಾಡ್ತಿದ್ದೀಯ? ಎಲ್ಲಿ ನಮ್ಮ ಮಹಾರಾಣಿ?”

“ಕ್ಯಾಬಿನ್‌ನಲ್ಲಿ,” ಎಂದ ಎಲ್ಡನ್. ನಾಲಿಗೆ ತಾನಾಗಿಯೇ ಹೇಳಿತು. “ಹಡಗಿನ ಓಲಾಟ. ತಲೆ ತಿರುಗ್ತಿದೆಯಂತೆ.”

ಹಡಗು ಇನ್ನೂ ದಡಕ್ಕೆ ಕಟ್ಟಿಯೇ ಇತ್ತು. ರಾಂಡಾ ಆ ಕಡೆ ಗಮನ ಕೊಡಲಿಲ್ಲ. ಕಾಯಿಲೆ ಕೇಳಿದರೆ ಅವಳಿಗೆ ಹುರುಪು.

“ಅಯ್ಯೋ ಪಾಪ! ಹಸಿರು ಸೇಬು ಕೊಡು. ಹಸಿರು ಸೇಬು, ಒಣ ಬಿಸ್ಕತ್ತು. ಇಪ್ಪತ್ತೆರಡು ಸಲ ಹಡಗು ಹತ್ತಿದವಳು ಹೇಳ್ತಿದ್ದೀನಿ, ಅದಕ್ಕಿಂತ ಮದ್ದಿಲ್ಲ.”

ಹಡಗಿನ ಜನಕ್ಕೆ ದೇವರ ಮೇಲೆ ಸಂಶಯ ಬಂದೀತು, ಹಸಿರು ಸೇಬಿನ ಮೇಲೆ ಬಾರದು. ಎರಡನೇ ದಿನ ಮಧ್ಯಾಹ್ನದೊಳಗೆ ಎಲ್ಡನ್‌ನ ಕ್ಯಾಬಿನ್ ಬಾಗಿಲಿನ ಮುಂದೆ ಹನ್ನೊಂದು ಸೇಬು, ಎರಡು ಪೊಟ್ಟಣ ಶುಂಠಿ ಮಿಠಾಯಿ, ವಾಕರಿಕೆ ತಡೆಯಲು ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು. ಕಾರ್ಡಿನಲ್ಲಿ ‘ಗಾಳಿಮರದ ಕೆಳಗೆ ನೀನಿಲ್ಲದಿದ್ದರೆ ಕ್ಯಾಪ್ಟನ್ ಕಾಟ ತಡೆಯೋರ್ಯಾರು?’ ಎಂದಿತ್ತು. ಎಲ್ಡನ್ ಸೇಬುಗಳನ್ನು ಸಾಲಾಗಿ ಜೋಡಿಸಿದ. ನಾಳೆ ದ್ವೀಪ. ನಾಳೆ ಮೇವಿಸ್‌ಳನ್ನು ಕರೆತರಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು. ಹೇಳಿಬಿಟ್ಟರೆ ಎಲ್ಲರೂ ತನ್ನ ಮುಖ ನೋಡುತ್ತಾರೆ, ಅದರಲ್ಲಿ ಏನೂ ಇರುವುದಿಲ್ಲ. ಅವನ ಭಯ ಅಷ್ಟೇ. ಮೂರನೆಯ ದಾರಿ ಇದೆಯೇ ಅಂತ ಯೋಜನೆ ತಿರುವಿ ನೋಡಿದ. ಮಳೆ ಬಂದರೆ ಏನು, ಕ್ಯಾಮೆರಾ ನೀರಿಗೆ ಬಿದ್ದರೆ ಏನು, ಮೀನು ಕಚ್ಚಿದರೆ ಏನು, ಎಲ್ಲ ಬರೆದಿತ್ತು.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದರು. ಎಂಟು ನಲವತ್ತಾರಕ್ಕೆ ಎಲ್ಡನ್ ಮೂರನೇ ಗಾಳಿಮರದ ಕೆಳಗಿದ್ದ. ಒಂದು ಕುರ್ಚಿಯ ಮೇಲೆ ಟವೆಲು ಹಾಸಿ ತಾನು ಕೂತ. ಇನ್ನೊಂದರ ಮೇಲೆ ಟವೆಲು ಹಾಸಿ, ಗಾಳಿಗೆ ಹಾರದ ಹಾಗೆ ಗಿಳಿ ಕ್ಲಿಪ್ಪು ಸಿಕ್ಕಿಸಿದ. ಸಿಕ್ಕಿಸಿದ ಮೇಲೆಯೇ ಏನು ಮಾಡಿದೆನೆಂದು ಗೊತ್ತಾದದ್ದು. ತೆಗೆಯಲು ಕೈ ಹೋಯಿತು. ಅಷ್ಟರಲ್ಲಿ ರಾಂಡಾಳ ದಂಡು ಬಂದು ಸುತ್ತ ಕುರ್ಚಿ ಎಳೆದುಕೊಂಡಿತು.

“ಮೇವಿಸ್?”

“ಬರ್ತಾಳೆ.”

ಒಂಬತ್ತು ಗಂಟೆ ಹತ್ತು ನಿಮಿಷ ಆಯಿತು. ನೀರು ಎಲ್ಡನ್‌ನ ಕಣ್ಣಿಗೆ ಕಂಪನಿಯ ಪುಸ್ತಕದಲ್ಲಿನ ಚಿತ್ರದಂತೆ ಕಂಡಿತು: ನೀಲಿ, ಚಪ್ಪಟೆ. ಮಕ್ಕಳು ಕೂಗುವುದು ಯಾರದೋ ಮನೆಯ ಟೀವಿಯಲ್ಲಿ ಕೂಗಿದಂತೆ ಕೇಳುತ್ತಿತ್ತು. ಒಂಬತ್ತು ಇಪ್ಪತ್ತನಾಲ್ಕು ಆಯಿತು, ಮೂವತ್ತೆಂಟನೇ ನಿಮಿಷ. ಹಾದಿಯ ಕಡೆ ಮುಖ ಹೊರಳಿತು. ಹಾದಿಯಲ್ಲಿ ಒಬ್ಬಳು ಮುದುಕಿ ಮಗಳ ತೋಳು ಹಿಡಿದು ನಿಂತಿದ್ದಳು. ಕೂರಲು ಎಲ್ಲೂ ಜಾಗವಿರಲಿಲ್ಲ.

ಎರಡು ನಿಮಿಷ ಕಳೆದು ಮುದುಕಿಯ ಹಿಂದಿನಿಂದ ಪರ್ಲೀನ್ ಬಂದಳು. ದ್ವೀಪದಲ್ಲಿ ಟವೆಲು ಕೊಡುವ ಗುಡಿಸಲಿನವಳು, ಪಕ್ಕದ ದೊಡ್ಡ ದ್ವೀಪದಿಂದ ದಿನಾ ದೋಣಿಯಲ್ಲಿ ಬರುವವಳು, ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಖಾಲಿ ಕುರ್ಚಿ ಬಿಡಿಸುವುದೂ ಅವಳದೇ ಕೆಲಸ.

“ಗುಡ್ ಮಾರ್ನಿಂಗ್ ಮಿಸ್ಟರ್ ಎಲ್ಡನ್. ಈ ಕುರ್ಚಿ?”

ಎಲ್ಡನ್ ಬಾಯಿ ತೆರೆಯುವ ಮೊದಲೇ ರಾಂಡಾ ಎದ್ದು ನಿಂತಿದ್ದಳು.

“ಅದು ಮೇವಿಸ್‌ದು ಕಣಮ್ಮ! ಪಾಪ, ಎರಡು ದಿನದಿಂದ ಹುಷಾರಿಲ್ಲ ಅವಳಿಗೆ. ಬರ್ತಾ ಇದ್ದಾಳೆ.”

“ನಲವತ್ತು ನಿಮಿಷ ಆಯ್ತು, ಮೇಡಂ. ನೋಡಿ, ಈ ಅಜ್ಜಿ ನಿಂತಿದ್ದಾರೆ.”

“ನಲವತ್ತು! ಯಾರಿಗೆ ನಿಯಮ ಹೇಳ್ತಿದ್ದೀಯ? ಆ ನಿಯಮ ಬರೆದೋನೇ ಇಲ್ಲಿ ಕೂತಿದ್ದಾನೆ! ಹೇಳೋ ಎಲ್ಡನ್, ನೀನೇ ಹೇಳು. ರೋಗಿಷ್ಟ ಹೆಂಗಸಿನ ಕುರ್ಚಿ ಕಿತ್ಕೊಂಡ್ರೆ ಸುಮ್ನೆ ಬಿಡ್ತೀನಾ ನಾನು? ಮ್ಯಾನೇಜರನ್ನ ಕರೀರಿ!”

“ರಾಂಡಾ, ಹೋಗ್ಲಿ ಬಿಡೇ,” ಎಂದ ಡುವೇನ್.

“ನೀನು ಸುಮ್ನಿರು!”

ಅವಳು ಮೇವಿಸ್‌ಳ ಟವೆಲಿನ ಮೇಲೆ ಕೈ ಊರಿ ಕೋಟೆ ಕಾಯುವವಳ ಹಾಗೆ ನಿಂತಿದ್ದಳು. ಮುಖ ಕೆಂಪಾಗಿತ್ತು. ಎಲ್ಡನ್‌ಗಾಗಿ ಅವಳು ಜಗಳವಾಡುತ್ತಿರಲಿಲ್ಲ, ಅದು ಅವನಿಗೆ ಗೊತ್ತಾಯಿತು. ಮೇವಿಸ್‌ಳನ್ನು ಅವಳು ನಿಜವಾಗಿಯೂ ಕಾಯುತ್ತಿದ್ದಳು.

“ಬಿಡು ರಾಂಡಾ,” ಎಂದ ಎಲ್ಡನ್. “ಅವಳು ಬರಲ್ಲ. ಮಾರ್ಚ್ ಹನ್ನೊಂದಕ್ಕೆ ತೀರ್ಕೊಂಡ್ಳು.”

ಮೂವತ್ತೊಂದು ವರ್ಷ ಮೈಕಿನಲ್ಲಿ ‘ಹನ್ನೊಂದನೇ ನಂಬರಿನ ಬಸ್ಸು ಇವತ್ತು ಬರುವುದಿಲ್ಲ’ ಎಂದು ಹೇಳಿದ ದನಿಯಲ್ಲೇ ಹೇಳಿದ. ಬೇರೆ ದನಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಡುವೇನ್ ಆ ಪ್ರಯಾಣದಲ್ಲಿ ಮೊದಲ ಸಲ ತಾನಾಗಿ ಒಂದು ಪ್ರಶ್ನೆ ಕೇಳಿದ.

“ಹಾಗಾದ್ರೆ ಆ ಸೇಬು?”

“ಆರು ತಿಂದೆ. ಐದಿವೆ.”

ರಾಂಡಾ ಮರಳಿನ ಮೇಲೆ ಕೂತುಬಿಟ್ಟಳು. ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡಳು. “ಥೂ, ಮುಠ್ಠಾಳ,” ಎಂದಳು ಟೋಪಿಯೊಳಗಿನಿಂದ. “ಏಳು ತಿಂಗಳು! ಏಳು ತಿಂಗಳು ಕಣೋ! ಒಂದು ಮಾತು ಹೇಳ್ಬಾರ್ದಿತ್ತಾ?”

ಎಲ್ಡನ್ ಗಿಳಿ ಕ್ಲಿಪ್ಪು ತೆಗೆದ. ಟವೆಲು ಮಡಿಸಿದ. ಮುದುಕಿಗೆ ಕುರ್ಚಿ ತೋರಿಸಿ, “ಕೂತ್ಕೊಳ್ಳಿ. ಹನ್ನೊಂದೂವರೆವರೆಗೂ ನೆರಳಿರತ್ತೆ,” ಎಂದ. ಮುದುಕಿ ಏನು ನಡೆಯಿತೆಂದು ತಿಳಿಯದೆ ಹೆದರಿಕೊಂಡೇ ಕೂತಳು.

ಪರ್ಲೀನ್ ಹೋಗಲಿಲ್ಲ. ಹಾಳೆ ಸಿಕ್ಕಿಸಿದ ರಟ್ಟನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದಳು.

“ಮಿಸ್ಟರ್ ಎಲ್ಡನ್,” ಎಂದಳು. “ಬರೀ ಕುರ್ಚಿ ಕೇಳೋಕೆ ಬಂದೆ ಅನ್ಕೋಬೇಡಿ. ನಾನು ಗುಡಿಸಲ ಹಿಂದೆ ಅವರನ್ನೇ ಕಾಯ್ತಿದ್ದೆ. ಬರಲಿಲ್ಲ ಅಂತ ನೋಡೋಕೆ ಬಂದೆ.”

“ಮೇವಿಸ್‌ಳನ್ನ?”

“ಅವರು ಮೊದ್ಲು ನನ್ನ ಹತ್ರಾನೇ ಬರೋದು. ಹಡಗು ಬಂದಾಗೆಲ್ಲ. ನಾನು ಮನೆಯಿಂದ ಪೇರಲೆ ಕಡುಬು ಮಾಡ್ಕೊಂಡು ತರ್ತಿದ್ದೆ. ಇಬ್ರೂ ಕೂತು ತಿಂತಿದ್ವಿ. ತಿಂದು ಬಾಯಿ ಒರೆಸ್ಕೊಂಡು, ‘ಪರ್ಲೀನ್, ಇನ್ನು ಹೊರಟೆ, ಇಲ್ದಿದ್ರೆ ನಮ್ಮ ಸ್ಟೇಷನ್ ಮಾಸ್ಟರು ಸೀಟಿ ಊದ್ತಾರೆ’ ಅನ್ನೋರು.”

ಎಲ್ಡನ್ ಅವಳನ್ನೇ ನೋಡಿದ. ಹನ್ನೊಂದು ಪ್ರಯಾಣ. ಹನ್ನೊಂದು ಸಲ ಮೂವತ್ತೆಂಟು ನಿಮಿಷ. ಗೇಟಿನಿಂದ ಗಾಳಿಮರಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿದವನು ನಡುವೆ ಒಂದು ಕಡುಬು ಇದೆ ಎಂದು ಎಣಿಸಿರಲಿಲ್ಲ.

“ನನಗೆ ಹೇಳಿರ್ಲಿಲ್ಲ,” ಎಂದ.

“ಹೇಳಿದ್ರೆ ನೀವು ಬರೆದುಬಿಡ್ತಿದ್ರಂತೆ. ಎಲ್ಲಾರೂ ಬಂದು ಸಾಲು ನಿಲ್ತಿದ್ರಂತೆ.”

ಡುವೇನ್ ಕೆಮ್ಮಿದ, ನಗು ನುಂಗಿದ ಕೆಮ್ಮು.

ಪರ್ಲೀನ್ ಹೋಗಿ ಡಬ್ಬಿ ತಂದಳು. ಬಟ್ಟೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಹೋಳು ಮಾಡಿದ್ದು, ಒಳಗೆ ಕೆಂಪು ಪೇರಲೆ, ಮೇಲೆ ಬೆಣ್ಣೆ ಸಕ್ಕರೆಯ ಪಾಕ. ಇಬ್ಬರಿಗಾಗುವಷ್ಟು. ಎಲ್ಡನ್‌ನ ಕೈಗೆ ಒಂದು ಹೋಳು ಇಟ್ಟಳು. ಅವನು ತಿಂದ. ಸಿಹಿ ಎಂದು ಗೊತ್ತಾಯಿತು. ಅಷ್ಟು ಗೊತ್ತಾದದ್ದೇ ಹೊಸದು. ಇನ್ನೇನಾದರೂ ಬರುತ್ತದೋ ಎಂದು ಒಂದು ಗಳಿಗೆ ಕಾದ. ಬರಲಿಲ್ಲ.

“ಏನಾಯ್ತೋ?” ಎಂದಳು ರಾಂಡಾ. ಟೋಪಿ ಮುಖದಿಂದ ಇಳಿದಿತ್ತು. ಕಣ್ಣಿಗೆ ಹಚ್ಚಿದ ಬಣ್ಣ ಕರಗಿ ಕೆನ್ನೆಯ ಮೇಲೆ ಹರಿದಿತ್ತು. “ಹೇಗೆ ಹೋದ್ಲು? ಹೇಳು.”

“ಈಗ್ಲಾ? ಆಮೇಲೆ ಊಟಕ್ಕೆ ಸಾಲು…”

“ಸಾಲಿನ ಮನೆ ಹಾಳಾಗ! ಹೇಳು.”

ಎಲ್ಡನ್ ತನ್ನ ಕುರ್ಚಿಯ ಅಂಚಿನಲ್ಲಿ ಕೂತ. ಪರ್ಲೀನ್ ರಟ್ಟನ್ನು ಮರಳಿನ ಮೇಲಿಟ್ಟು ಅದರ ಮೇಲೆ ಕೂತಳು. ಹೇಳಲು ಒಂದೇ ಕ್ರಮ ಅವನಿಗೆ ಗೊತ್ತಿದ್ದದ್ದು, ಅದರಂತೆಯೇ ಶುರು ಮಾಡಿದ.

“ಬೆಳಿಗ್ಗೆ ಆರು ಹತ್ತಕ್ಕೆ ಎದ್ಲು. ಆರೂಕಾಲಿಗೆ ಕಾಫಿ ಇಟ್ಲು. ಆರು ಇಪ್ಪತ್ತಕ್ಕೆ, ‘ಎಲ್ಡನ್, ಎಡಗಾಲು ಯಾಕೋ ನನ್ನ ಮಾತು ಕೇಳ್ತಿಲ್ಲ’ ಅಂದ್ಲು. ನಾನು ಪೇಪರ್ ಓದ್ತಿದ್ದೆ. ಹೂಂ ಅಂದೆ.”

ಅಲ್ಲಿಗೆ ನಿಲ್ಲಿಸಿದ. ಮುಂದೆ ಏನಾಯಿತು ಅಂತ ಅವನಿಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ.

“ಆಮೇಲೆ?” ಎಂದಳು ಪರ್ಲೀನ್.

“ನಾನು ಗಡಿಯಾರ ನೋಡ್ಲಿಲ್ಲ,” ಎಂದ ಎಲ್ಡನ್. ಗಂಟೆ ನಿಮಿಷ ಯಾವುದೂ ಇಲ್ಲದೆ, ಉಳಿದದ್ದನ್ನು ಹೇಳತೊಡಗಿದ.